ಆಸನತ್ಯಾಗವು ದಾನವೇ?

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ದಾರಿ. ಹಳೆಯ ಪುಣೆ-ಬೆಂಗಳೂರು ರಸ್ತೆಯಲ್ಲಿ ದೊಡ್ಡಬಾತಿಯನ್ನು ದಾಟಿ ಹೋಗುವ ಬಸ್ಸು ಅರ್ಧ ಗಂಟೆಯ ಆಸುಪಾಸಿನಲ್ಲಿ ತುಂಗಭದ್ರೆಯ ದಂಡೆಯ ಆ ಊರನ್ನು ಮುಟ್ಟುತ್ತದೆ. ಬೆಳಗಿನ ಹೊತ್ತು ಹರಿಹರದ ಕಡೆಯಿಂದ ಬರುವ ಬಸ್ಸಿನಲ್ಲಿ ಕಾಲೇಜಿನ ವಿದ್ಯಾರ್ಥಿಗಳು, ಕಚೇರಿಯ ನೌಕರರು, ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೊರಟ ರೋಗಿಗಳು, ಪೇಟೆಯಲ್ಲಿ ಸರಕು ಕೊಳ್ಳಲು ಬರುವ ಸಣ್ಣ ವ್ಯಾಪಾರಿಗಳು ಒತ್ತೊತ್ತಾಗಿ ನಿಂತಿರುತ್ತಾರೆ. ಸಂಜೆ ಅದೇ ಜನಸಂದಣಿ ಮರಳಿ ಹೋಗುತ್ತದೆ. ಇಷ್ಟು ಸಣ್ಣ ಪ್ರಯಾಣದಲ್ಲಿ ಧರ್ಮಜಿಜ್ಞಾಸೆಗೆ ಅವಕಾಶವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಆದರೆ ಶ್ರಾವಕಧರ್ಮವು ಬಸದಿಯ ಹೊಸ್ತಿಲಿನಲ್ಲಿ ಮುಗಿಯುವಂಥದಲ್ಲ. ಅದರ ನಿಜವಾದ ಪರೀಕ್ಷೆ ನಡೆಯುವುದು ಯಾರೂ ನೋಡದ, ಯಾರೂ ಲೆಕ್ಕವಿಡದ ಇಂತಹ ಅರ್ಧ ಗಂಟೆಗಳಲ್ಲಿಯೇ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಬಸ್ಸು ನಿಲ್ಲುತ್ತದೆ. ಔಷಧದ ಚೀಲ ಹಿಡಿದ ಒಬ್ಬ ವೃದ್ಧೆ ಕಷ್ಟಪಟ್ಟು ಹತ್ತಿ, ಮೇಲಿನ ಕಂಬಿ ಕೈಗೆಟುಕದೆ ಸೀಟಿನ ಹಿಂಬದಿಯನ್ನು ಹಿಡಿದು ನಿಲ್ಲುತ್ತಾಳೆ. ಆ ಸೀಟಿನಲ್ಲಿ ಕುಳಿತಿರುವವನು ದೇವಪೂಜೆಯನ್ನು ಮುಗಿಸಿ ಅಂಗಡಿಗೆ ಹೊರಟಿರುವ ಶ್ರಾವಕ. ಅವನು ಅವಳನ್ನು ನೋಡುತ್ತಾನೆ. ಮರುಕ್ಷಣವೇ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕಣ್ಣು ಮುಚ್ಚುತ್ತಾನೆ. ಅವನು ಯಾರನ್ನೂ ಹೊಡೆದಿಲ್ಲ, ಸುಳ್ಳು ನುಡಿದಿಲ್ಲ, ಕಳವು ಮಾಡಿಲ್ಲ. ಹಾಗಾದರೆ ಅವನ ಯಾವ ಅಣುವ್ರತಕ್ಕೆ ಕುಂದು ಬಂದಿತು?

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಮೊದಲು ಇಟ್ಟ ಮಾತು ಪ್ರಮಾದ. ಪ್ರಾಣಕ್ಕೆ ಪೀಡೆಯಾಗುವುದು ಎಷ್ಟು ಮುಖ್ಯವೋ, ಅದರ ಹಿಂದಿರುವ ಅಜಾಗರೂಕ ಮನಸ್ಸು ಅದಕ್ಕಿಂತ ಮುಖ್ಯ. ವೃದ್ಧೆಯ ಕಾಲುನೋವನ್ನು ಶ್ರಾವಕನು ಉಂಟುಮಾಡಲಿಲ್ಲ, ನಿಜ. ಆದರೆ ಕಂಡದ್ದನ್ನು ಕಾಣದಂತೆ ಮಾಡಿಕೊಂಡದ್ದು ಅವನ ಸ್ವಂತ ಕೃತ್ಯ. ಮುಚ್ಚಿದ ಕಣ್ಣಿನಲ್ಲಿ ನಿದ್ರೆಯಿಲ್ಲ, ನಿದ್ರೆಯ ವೇಷವಿದೆ. ಇದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಮಾಯೆ, ಅಂದರೆ ಕಪಟ. ನಾಲ್ಕು ಕಷಾಯಗಳಲ್ಲಿ ಅದೂ ಒಂದು. ಒಂದು ಸೀಟಿಗಾಗಿ ಇಷ್ಟು ದೊಡ್ಡ ಹೆಸರೇ ಎಂದು ನಗಬೇಕಾಗಿಲ್ಲ. ಕಷಾಯವು ವಸ್ತುವಿನ ಬೆಲೆಯನ್ನು ನೋಡಿ ಹುಟ್ಟುವುದಿಲ್ಲ.

ಇಲ್ಲಿ ಆ ಶ್ರಾವಕನ ಪಕ್ಷವನ್ನೂ ಕೇಳಬೇಕು. ಅನೇಕಾಂತವನ್ನು ಒಪ್ಪಿದವರಿಗೆ ಅದು ಕರ್ತವ್ಯ. “ಟಿಕೆಟಿಗೆ ಹಣ ಕೊಟ್ಟಿದ್ದೇನೆ, ನಿಲ್ದಾಣದಲ್ಲಿ ಕಾದು ಹತ್ತಿದ್ದೇನೆ, ನನಗೂ ಸೊಂಟನೋವು ಇದೆ” ಎಂದು ಅವನು ಹೇಳಬಹುದು. ಮೂರನೆಯ ಮಾತು ನಿಜವಾಗಿದ್ದರೆ ಅವನು ಕುಳಿತಿರುವುದರಲ್ಲಿ ದೋಷವಿಲ್ಲ. ಅದರ ಸತ್ಯಾಸತ್ಯವನ್ನು ಬಲ್ಲವನು ಅವನೊಬ್ಬನೇ. ಮೊದಲ ಎರಡು ಮಾತುಗಳನ್ನು ಮಾತ್ರ ವ್ಯಾಪಾರಿಯ ಲೆಕ್ಕದಿಂದಲೇ ಪರೀಕ್ಷಿಸಬಹುದು. ಟಿಕೆಟು ಕೊಳ್ಳುವುದು ಊರಿನಿಂದ ಊರಿಗೆ ಸಾಗಿಸುವ ಸೇವೆಯನ್ನು. ಮುಂಗಡ ಕಾಯ್ದಿರಿಸುವ ದೂರದ ಬಸ್ಸುಗಳ ಮಾತು ಬೇರೆ. ಈ ಬಸ್ಸಿನ ಟಿಕೆಟಿನಲ್ಲಿ ಸೀಟಿನ ಸಂಖ್ಯೆ ಇರುವುದಿಲ್ಲ. ಕುಳಿತವನೂ ನಿಂತವನೂ ಕೊಡುವ ದರ ಒಂದೇ. ಮೊದಲು ಹತ್ತಿದವನಿಗೆ ಸೀಟು ಸಿಕ್ಕದ್ದು ಅನುಕೂಲವೇ ಹೊರತು ಸ್ವಾಮ್ಯವಲ್ಲ. ಕಿರ್ದಿಯಲ್ಲಾಗಲಿ ಖತಾವಣಿಯಲ್ಲಾಗಲಿ ಅದನ್ನು ಆಸ್ತಿಯೆಂದು ಬರೆಯುವ ಗುಮಾಸ್ತನಿಲ್ಲ. ಆದರೂ ಕುಳಿತ ಐದು ನಿಮಿಷಕ್ಕೆ “ನನ್ನ ಸೀಟು” ಎಂಬ ಮಾತು ಬಾಯಿಗೆ ಬರುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿಯ ಮೂರ್ಛೆ ಎಂದು ಆಚಾರ್ಯರು ಹೇಳಿದ್ದರ ಅರ್ಥವನ್ನು ತಿಳಿಯಲು ಇದಕ್ಕಿಂತ ಸುಲಭವಾದ ಪಾಠ ಮತ್ತೊಂದಿಲ್ಲ.

ಈ ಮೂರ್ಛೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದುಂಟು. ಬಸ್ಸು ನಿಲ್ದಾಣಕ್ಕೆ ಬರುತ್ತಿರುವಾಗಲೇ ಕಿಟಕಿಯಿಂದ ಕರವಸ್ತ್ರವನ್ನೋ ಟವೆಲನ್ನೋ ಎಸೆದು ಸೀಟು ಹಿಡಿಯುವ ಪದ್ಧತಿ ನಮ್ಮ ನಾಡಿನಲ್ಲಿ ಎಲ್ಲರಿಗೂ ಪರಿಚಿತ. ಬಾಗಿಲಿನಲ್ಲಿ ಸರದಿಯಂತೆ ಹತ್ತಿ ಬಂದವನು ಖಾಲಿ ಸೀಟಿನ ಮುಂದೆ ನಿಂತು, ಒಂದು ಬಟ್ಟೆಯ ತುಂಡಿಗೆ ಅಂಜಿ ಹಿಂದೆ ಸರಿಯುತ್ತಾನೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಒಬ್ಬನೇ ನಾಲ್ಕು ಕರವಸ್ತ್ರಗಳನ್ನು ಹಾಸಿ ಇಡೀ ಸಂಸಾರಕ್ಕೆ ಜಾಗ ಹಿಡಿದಾಗ ಅದು ಜಾಣತನವೆಂದು ಮೆಚ್ಚುಗೆ ಪಡೆಯುತ್ತದೆ. ಮಕ್ಕಳು ಇದನ್ನು ನೋಡಿ ಕಲಿಯುತ್ತಾರೆ. ಪಾಠಶಾಲೆಯಲ್ಲಿ ಅಚೌರ್ಯದ ಪಾಠ ಹೇಳಿಸಿದ ತಂದೆಯೇ ಬಸ್ ನಿಲ್ದಾಣದಲ್ಲಿ ಅದನ್ನು ಅಳಿಸಿಹಾಕಿದಂತಾಗುತ್ತದೆ.

ಇನ್ನು ಮೂಲಪ್ರಶ್ನೆ: ಸೀಟು ಬಿಟ್ಟುಕೊಡುವುದು ದಾನವೇ? ಸ್ವಪರರ ಉಪಕಾರಕ್ಕಾಗಿ ತನ್ನದನ್ನು ತ್ಯಜಿಸುವುದು ದಾನವೆಂದು ಶಾಸ್ತ್ರದ ಲಕ್ಷಣ. ಸೀಟು ತನ್ನದಲ್ಲವೆಂದ ಮೇಲೆ ಅದನ್ನು ಕೊಟ್ಟೆನೆಂದು ಹೇಳುವುದು ಹೇಗೆ? ಕಿಟಕಿಯ ಮೇಲೆ ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಎಂದು ಬರೆದಿರುವ ಸೀಟುಗಳ ವಿಷಯದಲ್ಲಂತೂ ಸಂಶಯವೇ ಇಲ್ಲ. ಅವುಗಳಿಂದ ಎದ್ದವನು ದಾನಿಯಲ್ಲ. ಪರರ ಠೇವಣಿಯನ್ನು ಮರಳಿಸಿದವನು. ಉಳಿದ ಸೀಟುಗಳಿಂದ ಎದ್ದವನು ತ್ಯಜಿಸುವುದಾದರೂ ಏನನ್ನು? ತನ್ನ ಶರೀರದ ಸುಖವನ್ನು. ಅದು ಮಾತ್ರ ನಿಶ್ಚಯವಾಗಿ ಅವನದು. ಆದ್ದರಿಂದ ದಾನವಾಗುವುದು ಸೀಟಲ್ಲ, ಅರ್ಧ ಗಂಟೆಯ ನೆಮ್ಮದಿ. ಈ ವಿವೇಕವಿದ್ದರೆ ಕೊಟ್ಟವನಲ್ಲಿ ಒಡೆತನದ ಗರ್ವ ಹುಟ್ಟಲಾರದು.

ಇಂತಹ ದಾನಕ್ಕೆ ಪಾತ್ರರು ಯಾರು ಎಂಬ ಪ್ರಶ್ನೆಗೆ ಜಿನಸೇನಾಚಾರ್ಯರ ಆದಿಪುರಾಣವು ದಾರಿ ತೋರಿಸುತ್ತದೆ. ಅಲ್ಲಿ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಮುನಿಗಳಿಗೆ ಆಹಾರ ನೀಡುವಾಗ ಪಾತ್ರದ ವಿಚಾರ ಬರುತ್ತದೆ. ದಯಾದತ್ತಿಯಲ್ಲಿ ನೋಡಬೇಕಾದದ್ದು ಎದುರಿನ ಜೀವದ ಸಂಕಟವನ್ನು ಮಾತ್ರ. ಬಸ್ಸಿನಲ್ಲಿ ನಿಂತ ಗರ್ಭಿಣಿಯ ಜಾತಿ, ಮತ, ಉಡುಗೆ, ಭಾಷೆ ಯಾವುದೂ ಕೇಳತಕ್ಕ ವಿಷಯವಲ್ಲ.

ಅತಿಥಿಸಂವಿಭಾಗ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಮೂರು ಈ ಸಂದರ್ಭಕ್ಕೂ ಆಶ್ಚರ್ಯವಾಗುವಷ್ಟು ಹೊಂದುತ್ತವೆ. ಒಂದು ಪರವ್ಯಪದೇಶ, ಕೊಡುವ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವುದು. ತಾನು ಭದ್ರವಾಗಿ ಕುಳಿತು, “ಏ ತಮ್ಮಾ, ಅಜ್ಜಿಗೆ ಸೀಟು ಬಿಟ್ಟುಕೊಡಪ್ಪ” ಎಂದು ಹುಡುಗನಿಗೆ ಅಪ್ಪಣೆ ಮಾಡುವ ಹಿರಿಯರು ಪ್ರತಿ ಬಸ್ಸಿನಲ್ಲಿಯೂ ಸಿಗುತ್ತಾರೆ. ಆ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದವನೋ, ಜ್ವರದಲ್ಲಿರುವವನೋ ಯಾರು ಬಲ್ಲರು? ಎರಡನೆಯದು ಮಾತ್ಸರ್ಯ, ಆದರವಿಲ್ಲದೆ ಕೊಡುವುದು. ಗೊಣಗುತ್ತ ಎದ್ದವನ ಸೀಟಿನಲ್ಲಿ ಕುಳಿತ ವೃದ್ಧೆಗೆ ಕಾಲು ನೋವು ಕಡಿಮೆಯಾದರೂ ಮನಸ್ಸು ನೋಯುತ್ತದೆ. ಮೂರನೆಯದು ಕಾಲಾತಿಕ್ರಮ, ಹೊತ್ತು ಮೀರಿಸಿ ಕೊಡುವುದು. ತನ್ನ ನಿಲ್ದಾಣ ಕಣ್ಣಿಗೆ ಬಿದ್ದ ಮೇಲೆ ಎದ್ದು, “ಬರ್ರಿ ಅಮ್ಮಾ, ಕೂತ್ಕಳ್ರಿ” ಎಂದು ಕರೆಯುವವನು ಕೊಟ್ಟದ್ದೇನು?

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಹೊಸದೊಂದು ಕಹಿ ಸೇರಿಕೊಂಡಿದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟಿನಲ್ಲಿ ಸಂಚರಿಸುತ್ತಿದ್ದಾರೆ. ಬಸ್ಸುಗಳಲ್ಲಿ ಸಂದಣಿ ಹೆಚ್ಚಿತು. ಅದರ ಜೊತೆಗೆ “ದುಡ್ಡು ಕೊಟ್ಟವರು ನಿಲ್ಲಬೇಕು, ಪುಕ್ಕಟೆಯವರು ಕೂರಬೇಕೇ?” ಎಂಬ ಮಾತೂ ಹೆಚ್ಚಿತು. ಯೋಜನೆಯ ಗುಣದೋಷಗಳ ಚರ್ಚೆಗೆ ಬೇರೆ ವೇದಿಕೆಗಳಿವೆ. ಆದರೆ ವ್ಯಾಪಾರಸ್ಥರ ಸಮಾಜವು ಒಂದು ಲೆಕ್ಕವನ್ನು ಮರೆಯಬಾರದು. ಆ ಟಿಕೆಟಿನ ಹಣವನ್ನು ಭರಿಸುವುದು ಸರ್ಕಾರ, ಸರ್ಕಾರಕ್ಕೆ ಹಣ ಬರುವುದು ತೆರಿಗೆಯಿಂದ, ಒಂದು ಸೋಪು ಕೊಂಡ ಕೂಲಿ ಹೆಂಗಸೂ ತೆರಿಗೆ ಕೊಟ್ಟವಳೇ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮಂಡಿಯ ನೋವು ಟಿಕೆಟಿನ ದರವನ್ನು ನೋಡಿ ಬರುವುದಿಲ್ಲ. ಔಷಧಿದಾನದ ಚಿಕಿತ್ಸಾಲಯದಲ್ಲಿ ರೋಗಿಯು ಏನು ಕೊಟ್ಟನೆಂದು ಕೇಳದ ಸಮಾಜವು ಬಸ್ಸಿನಲ್ಲಿ ಅದನ್ನು ಕೇಳುವುದು ಉಚಿತವಲ್ಲ.

ಪಡೆಯುವವರಿಗೂ ಧರ್ಮವುಂಟು. ಸಿಕ್ಕ ಸೀಟನ್ನು ಹಕ್ಕೆಂದು ಗದರಿಸಿ ಕೇಳದೆ, ಒಂದು ಒಳ್ಳೆಯ ಮಾತಾಡಿ ಕುಳಿತುಕೊಳ್ಳಬೇಕು. ತಮಗಿಂತ ದುರ್ಬಲರು ಹತ್ತಿದರೆ ಅವರ ಕಡೆಗೂ ನೋಡಬೇಕು. ಕೈಚೀಲವನ್ನು ಪಕ್ಕದಲ್ಲಿ ಕೂರಿಸಿ ಎರಡು ಸೀಟು ಆಕ್ರಮಿಸಬಾರದು. ನಿಂತವರ ಮಗುವನ್ನೋ ಗಂಟನ್ನೋ ತೊಡೆಯ ಮೇಲೆ ಇಟ್ಟುಕೊಳ್ಳುವ ನಮ್ಮ ಕಡೆಯ ಹಳೆಯ ರೂಢಿ ಇದಕ್ಕೆ ಒಳ್ಳೆಯ ಮಾದರಿ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವ ಅಲ್ಲಿ ಗ್ರಂಥದ ನೆರವಿಲ್ಲದೆಯೇ ಆಚರಣೆಗೆ ಬಂದಿದೆ.

ಬಸದಿಗಳ ಟ್ರಸ್ಟುಗಳು ಏರ್ಪಡಿಸುವ ಯಾತ್ರೆಯ ಬಸ್ಸುಗಳ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಸಾರ್ವಜನಿಕ ಬಸ್ಸಿನಲ್ಲಿ ಅಪರಿಚಿತರಿಗೆ ಎದ್ದು ನಿಲ್ಲುವವರೂ ಸಮಾಜದ ಬಸ್ಸಿನಲ್ಲಿ ಮುಂದಿನ ಸೀಟಿಗಾಗಿ ಮುನಿಸಿಕೊಳ್ಳುವುದುಂಟು. ಹೆಚ್ಚು ದೇಣಿಗೆ ಕೊಟ್ಟವರಿಗೆ ಮುಂದಿನ ಸಾಲು, ಅಡುಗೆಯವರಿಗೂ ಬಡ ವಿಧವೆಯರಿಗೂ ಹಿಂದಿನ ಚಕ್ರದ ಮೇಲಿನ ಕುಲುಕಾಟ ಎಂಬಂತಾದರೆ, ಆ ಯಾತ್ರೆಯು ಹೊರಡುವ ಮೊದಲೇ ದೋಷಯುಕ್ತವಾಯಿತು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ, ರಾಜ್ಯವನ್ನೇ ಗೆದ್ದು ಬಿಟ್ಟುಕೊಟ್ಟ ಬಾಹುಬಲಿಸ್ವಾಮಿಗೆ ಕೈಮುಗಿದು, ಕೆಳಗಿಳಿದೊಡನೆ ಒಂದು ಸೀಟನ್ನು ಬಿಟ್ಟುಕೊಡಲಾಗದಿದ್ದರೆ ಕಂಡ ದರ್ಶನಕ್ಕೆ ಫಲವೇನು? ಟ್ರಸ್ಟಿನವರು ಯಾತ್ರೆಯ ಪಟ್ಟಿಯನ್ನು ಬರೆಯುವಾಗಲೇ ವೃದ್ಧರು, ರೋಗಿಗಳು, ಗರ್ಭಿಣಿಯರು, ಚಿಕ್ಕ ಮಕ್ಕಳ ತಾಯಂದಿರು ಇವರಿಗೆ ಮುಂದಿನ ಸೀಟುಗಳನ್ನು ಗುರುತಿಸಲಿ. ಉಳಿದವರು ಹೋಗುವಾಗ ಮುಂದೆ ಕುಳಿತಿದ್ದರೆ ಬರುವಾಗ ಹಿಂದೆ ಕೂರಲಿ. ಪದಾಧಿಕಾರಿಗಳು ಹಿಂದಿನ ಸಾಲನ್ನು ತಾವೇ ಆರಿಸಿಕೊಂಡರೆ ಬೇರೆ ಉಪದೇಶವೇ ಬೇಡ.

ಹರಿಹರದ 13ನೆಯ ಶತಮಾನದ ದೇವಾಲಯದಲ್ಲಿ ಒಂದೇ ಮೂರ್ತಿಯ ಅರ್ಧದಲ್ಲಿ ಹರನೂ ಅರ್ಧದಲ್ಲಿ ಹರಿಯೂ ಇದ್ದಾರೆ. ಆ ಊರಿನ ಹೆಸರೇ ಸ್ಥಳವನ್ನು ಹಂಚಿಕೊಂಡ ಕಥೆಯನ್ನು ಹೇಳುತ್ತದೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ಸ್ವಲ್ಪ ಸರಿದು ಮೂರನೆಯವರಿಗೆ ಜಾಗ ಮಾಡುವುದೂ, ಬೇಕಾದಾಗ ಸುಮ್ಮನೆ ಎದ್ದು ನಿಲ್ಲುವುದೂ ಕಠಿಣ ತಪಸ್ಸಲ್ಲ. ಆಯುಷ್ಯವೂ ಒಂದು ಪ್ರಯಾಣ, ದೇಹವೂ ಒಂದು ಆಸನ. ನಿಲ್ದಾಣ ಬಂದಾಗ ಎಲ್ಲವನ್ನೂ ಬಿಟ್ಟು ಏಳಲೇಬೇಕು. ಅದಕ್ಕೆ ಮೊದಲು ತಾನಾಗಿಯೇ ಏಳುವುದನ್ನು ಅಭ್ಯಾಸ ಮಾಡಿದವನಿಗೆ ಕೊನೆಯ ಏಳುವಿಕೆಯೂ ಹಗುರವಾದೀತು.