ತೀರಿಸಲಾಗದ ಉಪಕಾರ

ಬೆಂಗಳೂರು–ಮೈಸೂರು ಹೆದ್ದಾರಿಯ ನಿಡಘಟ್ಟದ ಕಡೆ ಸಾವಾದರೆ ಮಣ್ಣಿಗೆ ಕರೆಯದೆಯೇ ಜನ ಬರುತ್ತಾರೆ. ಅದೇ ಹೆದ್ದಾರಿ ಹಿಡಿದು ಬೆಂಗಳೂರು ಸೇರಿದರೆ, ಮೈಸೂರು ರಸ್ತೆಯಲ್ಲಿ ಯಹೂದಿಗಳ ಪುಟ್ಟ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ.

ಯಹೂದಿಗಳಲ್ಲಿ ಶವಸಂಸ್ಕಾರಕ್ಕೆಂದೇ ‘ಹೆವ್ರಾ ಕದೀಶಾ’ ಸಂಘಗಳಿವೆ. ಸದಸ್ಯರೇ ದೇಹ ತೊಳೆದು ಜೇಬಿಲ್ಲದ ಬಿಳಿ ಬಟ್ಟೆ ತೊಡಿಸುತ್ತಾರೆ. ಸಾಹುಕಾರನಿಗೂ ಬಡವನಿಗೂ ಅದೇ ಬಟ್ಟೆ. ಸತ್ತವರು ಉಪಕಾರ ತೀರಿಸಲಾರರು, ಹಾಗಾಗಿ ಇದೇ ನಿಜವಾದ ದಯೆ ಎಂಬುದು ಅವರ ನಂಬಿಕೆ.

12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡೀಸ್ ಮಾತ್ರ ದಾನದ ಎಂಟು ಮೆಟ್ಟಿಲುಗಳ ತುದಿಯಲ್ಲಿಟ್ಟದ್ದು ಬದುಕಿರುವವರನ್ನು: ಸಾಲವನ್ನೋ ಕೆಲಸವನ್ನೋ ಕೊಟ್ಟು ಸ್ವಂತ ಕಾಲ ಮೇಲೆ ನಿಲ್ಲಿಸುವುದು. ಯಾವುದು ದೊಡ್ಡದು?

1843ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಯಹೂದಿಗಳ ಬ್ನೈ ಬ್ರಿತ್ ಸಂಘ ಈ ಜಿಜ್ಞಾಸೆಗೆ ಕೂರಲಿಲ್ಲ, ಪುಣ್ಯಕ್ಕೆ. ಸದಸ್ಯ ಸತ್ತರೆ ಮಣ್ಣಿನ ಖರ್ಚಿಗೆ 30 ಡಾಲರ್, ಹೆಂಡತಿಗೆ ವಾರಕ್ಕೊಂದು ಡಾಲರ್, ಗಂಡುಮಕ್ಕಳಿಗೆ ಕಸುಬು ಕಲಿಸುವ ಭರವಸೆ ಇತ್ತು.