ಕಾಣದ ನಾಳೆಯೂ ಯಜಮಾನನ ಧರ್ಮವೂ

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ವಾಚಕರು ಬಲ್ಲರು. ಬೆಸ್ತರು ಬರುವರೆಂದು ತಿಳಿದೊಡನೆ ಅನಾಗತವಿಧಾತನು ಬೇರೆ ಮಡುವಿಗೆ ಹೊರಟಿತು. ಪ್ರತ್ಯುತ್ಪನ್ನಮತಿಯು ಬಲೆಗೆ ಬಿದ್ದ ಮೇಲೆ ಸತ್ತಂತೆ ನಟಿಸಿ ಪಾರಾಯಿತು. ಆದದ್ದಾಗಲಿ ಎಂದಿದ್ದ ಯದ್ಭವಿಷ್ಯನು ಅಳಿಯಿತು. ಪಾಠಶಾಲೆಯಲ್ಲಿ ಇದನ್ನು ಓದಿದಾಗ ಇದರ ನೀತಿಯು ಸಂಪೂರ್ಣವೆಂದೇ ಭಾವಿಸಿದ್ದೆನು. ಈಗ ಒಂದು ಸಂದೇಹ ಹುಟ್ಟಿದೆ. ಆ ಮೀನುಗಳು ತಮ್ಮ ತಮ್ಮ ಪ್ರಾಣದ ವಿಷಯವಾಗಿ ಮಾತ್ರ ನಿಶ್ಚಯಿಸಿದುವು. ಇತರರ ಅನ್ನವೂ ತನ್ನ ನಿಶ್ಚಯದಲ್ಲಿರುವ ಯಜಮಾನನು ನಾಳೆಯು ಕಾಣದಿರುವಾಗ ಏನು ಮಾಡತಕ್ಕದ್ದು?

ದೂರದೃಷ್ಟಿಯೊಂದೇ ಸಾಲುವುದೆಂದು ಹೇಳುವಂತಿಲ್ಲ. ಹಲಸೂರಿಗೆ ಪೂರ್ವದಲ್ಲಿರುವ ವಿಮಾನ ಕಾರ್ಖಾನೆಯನ್ನೇ ನೋಡಿರಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ದೇಶವು ವಿಮಾನಗಳನ್ನು ಕಟ್ಟುವುದು. ಯುದ್ಧವು ಪೂರ್ವದಿಕ್ಕಿಗೂ ಹಬ್ಬಲು, 1942ರಲ್ಲಿ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟು, ವಿಮಾನಗಳ ದುರಸ್ತಿಯೇ ಮುಖ್ಯ ಕಾರ್ಯವಾಯಿತು. ಯುದ್ಧ ಮುಗಿಯಿತು, ಆ ಕೆಲಸವೂ ಕುಗ್ಗಿತು. ಆಗ ಅದೇ ಕಾರ್ಖಾನೆಯು ರೈಲುಬಂಡಿಯ ಬೋಗಿಗಳನ್ನು ಕಟ್ಟತೊಡಗಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ–2 ವಿಮಾನವು 1951ರಲ್ಲಿ ಹಾರಿತು. 1964ರಲ್ಲಿ ಹುಟ್ಟಿದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಗೆ ಬೋಗಿಯ ವಿಭಾಗವು ಸೇರಿತು. ಸ್ಥಾಪಕರಲ್ಲಿ ಯಾರು ಈ ತಿರುವುಗಳನ್ನೆಲ್ಲ ಮುಂಗಂಡಿದ್ದರು? ಉದ್ದೇಶಿಸಿದ್ದು ತಡವಾದರೂ ಲೋಹವನ್ನು ಬಲ್ಲ ಕೈಗಳಿಗೆ ಬೇರೊಂದು ಕೆಲಸ ದೊರೆಯಿತು. ಒಂದೇ ನಿರೀಕ್ಷೆಗೆ ಸರ್ವಸ್ವವನ್ನೂ ಕಟ್ಟಿಹಾಕದಿರುವುದು ವಿವೇಕದ ಮೊದಲ ಲಕ್ಷಣ.

ಆದರೆ ಸರ್ಕಾರದ ಬೆಂಬಲವಿಲ್ಲದ ಸಣ್ಣ ಯಜಮಾನನ ಗತಿಯೇನು? ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಕೆಳಗೆ, ಕೃಷ್ಣರಾಜಪುರದ ಕಡೆ ಎರಡು ಲೇತ್ ಯಂತ್ರಗಳನ್ನಿಟ್ಟುಕೊಂಡಿದ್ದ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಅವನಿಗೆ ಕೆಲಸ ಕೊಡುತ್ತಿದ್ದುದು ಒಂದೇ ದೊಡ್ಡ ಕಾರ್ಖಾನೆ. ಅದು ಮುಚ್ಚುವ ಸೂಚನೆಯಿತ್ತು. “ಮೇಷ್ಟ್ರೇ, ಆರು ಜನ ಆಳುಗಳಿದ್ದಾರೆ. ಈಗಲೇ ಹೇಳಿಬಿಡಲೇ?” ಎಂದು ಕೇಳಿದನು. “ಬೇಡಪ್ಪ, ಹೆದರಿ ಬಿಟ್ಟುಹೋದಾರು, ಕಾಲ ಸುಧಾರಿಸಲೂಬಹುದು” ಎಂದೆನು. ಅವನು ಗುರುವಾಕ್ಯವನ್ನು ನಡೆಸಿದನು. ಕಾಲ ಸುಧಾರಿಸಲಿಲ್ಲ. ಆ ಆರು ಜನರಲ್ಲಿ ಒಬ್ಬನು, ಸಂಬಳ ನಿಲ್ಲದೆಂಬ ನಂಬಿಕೆಯಿಂದ, ಆ ತಿಂಗಳುಗಳಲ್ಲಿಯೇ ಸಾಲಮಾಡಿ ಮಗಳ ಮದುವೆ ನಡೆಸಿದ್ದನು. ಅಂಗಡಿ ಮುಚ್ಚಿದ ದಿನ ಅವನು ಶಿಷ್ಯನನ್ನು ಕೇಳಿದ್ದು ಒಂದೇ ಮಾತು: “ನಿಮಗೆ ಮೊದಲೇ ಗೊತ್ತಿತ್ತೇ ಸ್ವಾಮಿ?” ಶಿಷ್ಯನು ಅದನ್ನು ನನಗೆ ಬಂದು ಹೇಳಿದಾಗ ಉತ್ತರ ತೋಚಲಿಲ್ಲ.

ನಾಯಕನೇ ಸಂಶಯವನ್ನು ತೋರಿದರೆ ಅನುಯಾಯಿಗಳು ಧೈರ್ಯಗೆಡುವರಲ್ಲವೇ ಎಂದು ಆಕ್ಷೇಪಿಸಬಹುದು. ನನ್ನ ಸಲಹೆಯ ಆಧಾರವೂ ಇದೇ ಆಗಿತ್ತು. ಆದರೆ ನಿಶ್ಚಯದಲ್ಲಿ ದೃಢತೆ ಬೇರೆ, ತಿಳಿಯದುದನ್ನು ತಿಳಿದಂತೆ ನಟಿಸುವುದು ಬೇರೆ. “ಮುಂದಿನದು ನನಗೂ ಕಾಣದು, ಆದರೂ ಇಷ್ಟನ್ನು ಮಾಡುವೆನು” ಎನ್ನುವವನು ಅಧೀರನಲ್ಲ. ಆಳುಗಳು ಬಿಟ್ಟುಹೋದರೆ ನಷ್ಟವು ಯಜಮಾನನಿಗೆ ನಿಜ. ಆ ನಷ್ಟವನ್ನು ತಪ್ಪಿಸಿಕೊಳ್ಳಲು ಅವರ ಕಣ್ಣು ಕಟ್ಟಿದರೆ, ತನ್ನ ಅಪಾಯವನ್ನು ಅವರ ಹೆಗಲಿಗೆ ಅವರಿಗರಿಯದಂತೆ ಹೊರಿಸಿದಂತಾಗುವುದು. ಫಲವು ಕೈತಪ್ಪಿದುದಕ್ಕೆ ಯಾರೂ ಯಜಮಾನನನ್ನು ದೂರಲಾರರು. ಅದರಲ್ಲಿ ದೈವಕ್ಕೂ ಪಾಲುಂಟು. ಮುಚ್ಚಿಟ್ಟುದಕ್ಕೆ ಮಾತ್ರ ದೈವವು ಹೊಣೆಯಲ್ಲ.

ಈಗ ಆ ಕಥೆಯನ್ನು ಮತ್ತೆ ನೆನೆಯುತ್ತೇನೆ. ಅನಾಗತವಿಧಾತನು ಸುಮ್ಮನೆ ಹೊರಡಲಿಲ್ಲ. ಕೇಳಿದ ಸುದ್ದಿಯನ್ನು ಒಡನಾಡಿಗಳಿಗೆ ತಿಳಿಸಿಯೇ ಹೊರಟಿತು. ಬಾಲಕರಿಗೆ ಪಾಠ ಹೇಳುವಾಗ ನಾನು ಅದರ ಜಾಣತನವನ್ನೇ ಹೊಗಳುತ್ತಿದ್ದೆನು. ಈ ಒಂದು ಮಾತನ್ನು ಎತ್ತಿ ತೋರಿಸಲಿಲ್ಲ.