ಅವನ ಮಾತು ಅವನೇ ಮುಗಿಸಲಿ

ಹಿರೇಕೊಟ್ನೆಕಲ್ಲಿನ ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯನ್ನು ಎಲ್ಲರೊಂದಿಗೆ ಸರಾಗವಾಗಿ ಹಾಡುವವನಿಗೆ ತನ್ನ ಹೆಸರು ಹೇಳಲು ಮಾತ್ರ ಆಗುತ್ತಿರಲಿಲ್ಲ. ತಾಯಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು, ಹರಕೆ ಹೊತ್ತದ್ದಾಯಿತು. ನಾನೂ ಒಂದು ಉಪಕಾರ ಮಾಡುತ್ತಿದ್ದೆ. ಅವನು ಉಗ್ಗತೊಡಗಿದೊಡನೆ ಉಳಿದ ಮಾತನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಅದು ಕರುಣೆಯೆಂದೇ ನನ್ನ ನಂಬಿಕೆ.

ನಮ್ಮ ಸಿನಿಮಾಗಳಲ್ಲಿ ಉಗ್ಗುವವನು ಹೆಚ್ಚಾಗಿ ನಗಿಸಲೆಂದೇ ಬರುತ್ತಾನೆ. ಮರುದಿನ ಶಾಲೆಯ ಅಂಗಳದಲ್ಲಿ ಅದರದೇ ಅಣಕ. ಇಂಥ ಸಿನಿಮಾ ಮದ್ದೂ ಆದೀತೇ? 2010ರಲ್ಲಿ ತೆರೆಕಂಡ ‘ದಿ ಕಿಂಗ್ಸ್ ಸ್ಪೀಚ್’ ನೋಡಿದಾಗ ಆದೀತು ಅನ್ನಿಸಿತು. ಅದು ಇಂಗ್ಲೆಂಡಿನ ದೊರೆ ಆರನೆಯ ಜಾರ್ಜನ ಕಥೆ. ಬರೆದ ಡೇವಿಡ್ ಸೈಡ್ಲರ್ ಅವರೂ ಬಾಲ್ಯದಲ್ಲಿ ಉಗ್ಗುತ್ತಿದ್ದವರೇ.

ಒಂದು ಶನಿವಾರ ಅದರ ಕೊನೆಯ ಭಾಗವನ್ನಷ್ಟೇ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ತೋರಿಸಿದೆ. 1939ರ ಸೆಪ್ಟೆಂಬರ್ 3, ಯುದ್ಧ ಘೋಷಣೆಯಾದ ದಿನ. ದೊರೆ ರೇಡಿಯೋದಲ್ಲಿ ನಾಡಿಗೆಲ್ಲ ಮಾತಾಡಬೇಕು. ಎದುರಿಗೆ ಮಾತು ಕಲಿಸಿದ ಲಯನೆಲ್ ಲೋಗ್ ನಿಂತಿದ್ದಾನೆ. ಇಂಗ್ಲಿಷ್ ತಿಳಿಯದಿದ್ದರೂ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಭಾಷಣ ಮುಗಿದ ಮೇಲೆ, ಒಂದಕ್ಷರ ಇನ್ನೂ ತಡವರಿಸಿತು ಎಂದು ಲೋಗ್ ಹೇಳುತ್ತಾನೆ. ಮಾತಾಡಿದ್ದು ನಾನೇ ಎಂದು ಜನಕ್ಕೆ ಗೊತ್ತಾಗಬೇಡವೇ ಎಂದು ದೊರೆ ನಗೆಯಾಡುತ್ತಾನೆ. ಇದನ್ನು ಕನ್ನಡದಲ್ಲಿ ಹೇಳಿದೆ.

ಹಿಂದಿನಿಂದ ಒಂದು ದನಿ ಬಂತು. “ರಾ... ರಾಜಗೂ ಪೂ... ಪೂರ್ತಿ ಹೋಗಿಲ್ಲಲ್ರೀ, ಟೀಚರ್?”

ಯಾರೂ ನಗಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ.

ಸಿನಿಮಾದಿಂದ ಅವನ ಉಗ್ಗು ಹೋಯಿತೆಂದು ನಾನು ಹೇಳಲಾರೆ. ಆ ಕೆಲಸಕ್ಕೆ ಬಲ್ಲವರಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥವು ಇವೆ. ಉಗ್ಗು ದಡ್ಡತನವಲ್ಲ, ತಾಯಿಯ ತಪ್ಪೂ ಅಲ್ಲ. ಮಿದುಳು ಮಾತನ್ನು ಹೊಂದಿಸುವ ಬಗೆಯಲ್ಲೇ ಅದರ ಬೇರಿದೆ. ಎಷ್ಟೋ ಸಲ ವಂಶದಲ್ಲೂ ಬರುತ್ತದೆ. ಕೇಳುವವರ ಅವಸರ, ನಗೆ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಅಂದು ಆ ಸಿನಿಮಾ ಮದ್ದು ಕೊಟ್ಟದ್ದು ನಮಗೆ, ಕೇಳುವವರಿಗೆ.

ಕೈಗೆ ಬಂದ ತುತ್ತನ್ನು ಕಸಿದರೆ ಅನ್ಯಾಯ ಎನ್ನುತ್ತೇವೆ. ಬಾಯಿಗೆ ಬಂದ ಮಾತನ್ನು ಕಸಿದು ಅದಕ್ಕೆ ಕರುಣೆಯೆಂದು ಹೆಸರಿಟ್ಟಿದ್ದೆನಲ್ಲ! ಆಮೇಲೆ ಹಾಜರಿ ಹಾಕುವಾಗ ಅವನ ಹೆಸರು ಬಂದರೆ ಪೆನ್ನು ಹಿಡಿದು ಕಾಯುತ್ತಿದ್ದೆ. ಕೆಲವು ದಿನ ಕೈ ಮಾತ್ರ ಏಳುತ್ತಿತ್ತು. ಕೆಲವು ದಿನ, ತಡವಾಗಿ, “ಹಾ... ಹಾಜರ್ರೀ” ಎಂಬ ದನಿಯೂ ಬರುತ್ತಿತ್ತು.